ಮಗು ಬಾಯಿಬಿಟ್ಟ ದಿನವೇ: ಪೋಕ್ಸೊ ದೂರು ಕೊಡುವ ಬಗೆ

ಪ್ರಯೋಗಾಲಯದ ಕಸ ಗುಡಿಸಲು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಎಂಟನೇ ತರಗತಿಯವಳು. ಕೊನೆಯ ಗಂಟೆ ಬಾರಿಸಿದ ಮೇಲೆ ದಿನವೂ ಬಂದು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದಳು. ಪ್ರನಾಳಗಳನ್ನು ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದಳು. ನಾನು ಬೀಗ ಹಿಡಿದು ಬಾಗಿಲಲ್ಲಿ ನಿಂತರೆ ‘ಇನ್ನೊಂದು ಐದು ನಿಮಿಷ ಮೇಡಂ’ ಎನ್ನುತ್ತಿದ್ದಳು. ಎಷ್ಟು ಶಿಸ್ತಿನ ಹುಡುಗಿ ಎಂದು ನಾನು ಹೆಮ್ಮೆಪಡುತ್ತಿದ್ದೆ. ಒಂದು ಗುರುವಾರ ಸಂಜೆ ಅವಳು ನೆಲವನ್ನೇ ನೋಡುತ್ತಾ ಕೇಳಿದಳು: ‘ಮೇಡಂ, ಮಾವ ಇರುವಾಗ ಮನೆಗೆ ಹೋಗದೇ ಇದ್ದರೆ ಆಗುತ್ತದೆಯೇ?’

ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ನಾನು ಏನು ಮಾಡಿದೆ ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ. ಪೊಲೀಸರಿಗೆ ತಿಳಿಸಲು ನಾನು ಹನ್ನೊಂದು ದಿನ ತೆಗೆದುಕೊಂಡೆ. ಮೊದಲು ಮುಖ್ಯೋಪಾಧ್ಯಾಯರಿಗೆ ಹೇಳಿದೆ. ‘ಒಂದು ವಾರ ನೋಡೋಣ’ ಎಂದರು. ಸಹೋದ್ಯೋಗಿಗಳು ‘ಹೆಣ್ಣು ಮಗು, ಭವಿಷ್ಯ ಹಾಳಾಗುತ್ತದೆ’ ಎಂದರು. ನಾನೇ ನಿಜ ತಿಳಿಯೋಣವೆಂದು ತಾಯಿಯನ್ನು ಕರೆಸಿದೆ. ತಾಯಿ ಮನೆಗೆ ಹೋಗಿ ತಮ್ಮನನ್ನೇ ವಿಚಾರಿಸಿದರು. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಇಪ್ಪತ್ತೆಂಟು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಈಗ ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ಗಳು, ಅಂಗನವಾಡಿ ಕಾರ್ಯಕರ್ತೆಯರು ಕರೆದಲ್ಲಿಗೆ ಹೋಗಿ ಈ ಒಂದು ವಿಷಯವನ್ನು ಹೇಳುತ್ತೇನೆ. ಆರೋಪ ನಿಜವೋ ಸುಳ್ಳೋ ಎಂದು ಪತ್ತೆ ಮಾಡುವುದು ನಮ್ಮ ಕೆಲಸವಲ್ಲ. ಕೇಳಿದ್ದನ್ನು ಅದೇ ದಿನ ಪೊಲೀಸರಿಗೆ ಮುಟ್ಟಿಸುವುದು ನಮ್ಮ ಕೆಲಸ. ನನಗೆ ಆಗ ಇಷ್ಟು ಗೊತ್ತಿದ್ದಿದ್ದರೆ ಆ ಹನ್ನೊಂದು ದಿನ ಅವಳು ಆ ಮನೆಯಲ್ಲಿ ಇರುತ್ತಿರಲಿಲ್ಲ.

ಯಾರು ತಿಳಿಸಬೇಕು, ಯಾವಾಗ

ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆಯನ್ನು ಎಲ್ಲರೂ ಪೋಕ್ಸೊ ಎನ್ನುತ್ತಾರೆ. ಅದು ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. 18 ವರ್ಷ ತುಂಬದ ಹುಡುಗಿಯೂ ಹುಡುಗನೂ ಅದರ ದೃಷ್ಟಿಯಲ್ಲಿ ಮಗುವೇ. ಹುಡುಗರ ವಿಷಯದಲ್ಲಿ ನಮ್ಮ ಕಿವಿ ಇನ್ನೂ ಮಂದ. ‘ಗಂಡು ಹುಡುಗ, ಮರೆತುಬಿಡುತ್ತಾನೆ’ ಎಂಬ ಮಾತನ್ನು ಶಿಕ್ಷಕರ ಕೊಠಡಿಗಳಲ್ಲಿ ಕೇಳಿ ಕೇಳಿ ನನಗೆ ಸಂಕಟವಾಗಿದೆ. ಅವನು ಮರೆಯುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾನೆ.

ಕಾಯ್ದೆಯ 19ನೇ ಸೆಕ್ಷನ್ ‘ಯಾವುದೇ ವ್ಯಕ್ತಿ’ ಎನ್ನುತ್ತದೆ. ಶಿಕ್ಷಕರು, ವೈದ್ಯರು ಎಂದು ಪಟ್ಟಿ ಮಾಡಿ ಉಳಿದವರನ್ನು ಬಿಟ್ಟಿಲ್ಲ. ಅಜ್ಜಿ, ಪಕ್ಕದ ಮನೆಯವರು, ಶಾಲಾ ವಾಹನದ ಚಾಲಕ, ಟ್ಯೂಷನ್ ಹೇಳುವವರು, ಅರ್ಚಕರು, ಆಪ್ತ ಸಮಾಲೋಚಕರು ಎಲ್ಲರೂ ಅದರೊಳಗೆ ಬರುತ್ತಾರೆ. ಅಪರಾಧ ನಡೆದಿದೆ ಎಂದು ತಿಳಿದವರಷ್ಟೇ ಅಲ್ಲ, ನಡೆಯಬಹುದು ಎಂಬ ಆತಂಕ ಇರುವವರೂ ತಿಳಿಸಬೇಕು. ಸಾಕ್ಷ್ಯ ಸಿಗಲಿ ಎಂದು ಕಾಯುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ತಿಳಿಸಬೇಕಾದದ್ದು ವಿಶೇಷ ಬಾಲ ಪೊಲೀಸ್ ಘಟಕಕ್ಕೆ, ಇಲ್ಲವೇ ಸ್ಥಳೀಯ ಪೊಲೀಸ್ ಠಾಣೆಗೆ. ಹೆಚ್ಚಿನ ಶಿಕ್ಷಕರು ಎಡವುವುದು ಇಲ್ಲಿಯೇ. ಮುಖ್ಯೋಪಾಧ್ಯಾಯರಿಗೆ ಹೇಳಿದರೆ ನಮ್ಮ ಹೊಣೆ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಸಂಸ್ಥೆಯ ಮೇಲಧಿಕಾರಿಗೆ ಹೇಳಿ, ತಪ್ಪಿಲ್ಲ. ಆದರೆ ಅವರ ಅಪ್ಪಣೆಗಾಗಿ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಮಗುವಿಗೆ ಬೇಕಾದ ನೆರವು ಅಲ್ಲಿಂದಲೇ ಶುರುವಾಗಬಹುದು. ಕರೆ ಮಾಡಿದ ಮೇಲೂ ಪೊಲೀಸರಿಗೆ ವಿಷಯ ಮುಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಿ. ತುರ್ತಾಗಿದ್ದರೆ 112.

ತಿಳಿಸದೇ ಇದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವನು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ದೂರು ದಾಖಲಿಸಿಕೊಳ್ಳದ ಪೊಲೀಸರೂ ಇದೇ ಸೆಕ್ಷನ್ನಿನ ಅಡಿ ತಪ್ಪಿತಸ್ಥರು. ಹೇಳದೇ ಉಳಿದ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ. ಮಹಾರಾಷ್ಟ್ರದಲ್ಲಿ ಹಾಸ್ಟೆಲ್‌ನ ಬುಡಕಟ್ಟು ಬಾಲಕಿಯರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರೊಬ್ಬರು ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು; ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು.

‘ಸುಳ್ಳಾಗಿಬಿಟ್ಟರೆ?’ ಎಂದು ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ 19ನೇ ಸೆಕ್ಷನ್ನಿನ ಕೊನೆಯ ಉಪವಿಧಿ ಹೇಳುತ್ತದೆ. ಶಿಕ್ಷೆ ಇರುವುದು ಅವಮಾನಿಸಲು, ಹಣ ಕೀಳಲು, ಬೆದರಿಸಲು ಅಥವಾ ಮಾನ ಕಳೆಯಲು ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ. ನಿಮ್ಮ ಬಳಿ ಮಗುವೊಂದು ಹೇಳಿದ್ದನ್ನು ಹೇಳಿದಂತೆ ಮುಟ್ಟಿಸಿದರೆ ನೀವು ಆ ಸಾಲಿಗೆ ಸೇರುವುದಿಲ್ಲ.

ಮೊದಲ ಐದು ನಿಮಿಷ

ಮಗು ಹೇಳಲು ತೊಡಗಿದಾಗ ಕೈಯಲ್ಲಿದ್ದ ಕೆಲಸ ಬಿಡಿ. ಮಗುವಿನಷ್ಟೇ ಎತ್ತರಕ್ಕೆ ಕುಳಿತುಕೊಳ್ಳಿ. ಬಾಗಿಲು ಮುಚ್ಚಬೇಡಿ; ಮುಚ್ಚಿದ ಬಾಗಿಲೇ ಆ ಮಗುವಿನ ಭಯವಾಗಿರಬಹುದು. ಬೇರೆಯವರಿಗೆ ಕೇಳಿಸದಷ್ಟು ದೂರ ಇದ್ದರೆ ಸಾಕು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕು, ಮತ್ತು ಆ ಮಗುವಿಗೆ ಮಾತು ತಪ್ಪಿದ ದೊಡ್ಡವರು ಈಗಾಗಲೇ ಸಾಕಷ್ಟು ಸಿಕ್ಕಿದ್ದಾರೆ. ‘ನಿನಗೆ ನೆರವಾಗಬಲ್ಲವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ’ ಎನ್ನಿ. ಅದು ನಿಜವಾದ ಮಾತು.

ಪ್ರಶ್ನೆಗಳನ್ನು ಆದಷ್ಟು ಕಡಿಮೆ ಮಾಡಿ. ‘ಅವನು ಇಲ್ಲಿ ಮುಟ್ಟಿದನೇ?’ ಎಂದು ನೀವೇ ತೋರಿಸಿ ಕೇಳಿದರೆ, ನಾಳೆ ಆರೋಪಿಯ ಪರ ವಕೀಲರು ‘ಮೇಡಂ ಹೇಳಿಕೊಟ್ಟದ್ದು’ ಎನ್ನುತ್ತಾರೆ. ‘ಆಮೇಲೆ?’, ‘ಹೂಂ, ಹೇಳು’ ಇವೆರಡೇ ಸಾಕು. ‘ಏಕೆ ಅಷ್ಟು ದಿನ ಹೇಳಲಿಲ್ಲ?’ ಎಂಬ ಪ್ರಶ್ನೆ ಮಾತ್ರ ಬೇಡವೇ ಬೇಡ. ನಾನು ಅದನ್ನು ಕೇಳಿದ್ದೆ. ಅವಳು ಅಲ್ಲಿಗೇ ಮಾತು ನಿಲ್ಲಿಸಿ ಮತ್ತೆ ಗುಡಿಸತೊಡಗಿದಳು.

ಮಗು ಹೋದ ಕೂಡಲೇ ಬರೆಯಿರಿ. ನೆನಪು ಒಂದು ರಾತ್ರಿ ಕಳೆದರೆ ನಮ್ಮ ಮಾತನ್ನು ಮಗುವಿನ ಬಾಯಿಗೆ ತುರುಕುತ್ತದೆ. ನಾನು ಬರೆದದ್ದು ಹೀಗಿತ್ತು:

‘ಗುರುವಾರ, ಸಂಜೆ 4.50. ಪ್ರಯೋಗಾಲಯ. ನಾನು ಮತ್ತು ವಿದ್ಯಾರ್ಥಿನಿ ಮಾತ್ರ ಇದ್ದೆವು. ಆಕೆ ತಾನಾಗಿ ಹೇಳಿದ್ದು: “ಮೇಡಂ, ಮಾವ ಇರುವಾಗ ಮನೆಗೆ ಹೋಗದೇ ಇದ್ದರೆ ಆಗುತ್ತದೆಯೇ?” ನಾನು ಕೇಳಿದ್ದು: “ಏಕೆ?” ಆಕೆ ಹೇಳಿದ್ದು: … ಆಕೆ ಅಳಲಿಲ್ಲ. ಮಾತು ಮುಗಿಯುವವರೆಗೂ ಪೊರಕೆಯನ್ನು ಕೈಯಿಂದ ಬಿಡಲಿಲ್ಲ.’

ದಿನಾಂಕ, ವೇಳೆ, ಜಾಗ, ಯಾರಿದ್ದರು, ಮಗುವಿನ ಮಾತು, ನಿಮ್ಮ ಮಾತು, ಕೊನೆಗೆ ನಿಮ್ಮ ಸಹಿ. ಮಗು ಆಡಿದ ಪದಗಳನ್ನು ತಿದ್ದಬೇಡಿ. ಪುಟ್ಟ ಮಗು ‘ಸೂಸು ಮಾಡುವ ಜಾಗ’ ಎಂದರೆ ಹಾಗೆಯೇ ಬರೆಯಿರಿ. ಅದನ್ನು ‘ಗುಪ್ತಾಂಗ’ ಮಾಡಿ ಸಭ್ಯಗೊಳಿಸಿದರೆ ಮಗುವಿನ ಮಾತು ಅಳಿಸಿ ನಿಮ್ಮ ಮಾತು ಉಳಿಯುತ್ತದೆ. ‘ಮಗು ತುಂಬಾ ನೊಂದಂತೆ ಕಂಡಿತು’ ಎಂಬಂಥ ತೀರ್ಪು ಬೇಡ. ಪೊರಕೆ ಬಿಡಲಿಲ್ಲ ಎಂಬುದು ಕಂಡದ್ದು, ಕಂಡದ್ದನ್ನಷ್ಟೇ ಬರೆಯಿರಿ.

ಮಾಡಬಾರದ ಇನ್ನೆರಡು ಕೆಲಸಗಳಿವೆ. ಮಗುವಿನ ಹೇಳಿಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಶಿಕ್ಷಕರ ಗುಂಪಿಗೆ ಹಾಕಬೇಡಿ. ಮಗುವಿನ ಅಶ್ಲೀಲ ಚಿತ್ರವೋ ವಿಡಿಯೊವೋ ಯಾರದ್ದಾದರೂ ಮೊಬೈಲಿನಲ್ಲಿ ಹರಿದಾಡುತ್ತಿದ್ದರೆ ‘ಸಾಕ್ಷ್ಯಕ್ಕೆ ಇರಲಿ’ ಎಂದು ನಿಮಗೆ ಕಳುಹಿಸಿಕೊಳ್ಳಬೇಡಿ. ಅಂಥದ್ದನ್ನು ಹಂಚುವುದು ಅಪರಾಧ. ಅಳಿಸದೆ, ವರದಿಯನ್ನೂ ಮಾಡದೆ ಇಟ್ಟುಕೊಳ್ಳುವುದು ಕೂಡ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಯಾರ ಬಳಿ ಇದೆ, ಯಾವ ಸಂಖ್ಯೆಯಿಂದ ಬಂತು ಎಂದು ಬರೆದುಕೊಂಡು ಪೊಲೀಸರಿಗೆ ಹೇಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಮನೆಯವರಿಗೆ ಹೇಳುವುದೇ ಬೇಡವೇ? ಆರೋಪಿ ಹೊರಗಿನವನಾಗಿದ್ದು ತಂದೆ ತಾಯಿ ಮಗುವಿನ ಪರ ನಿಲ್ಲುವವರಾದರೆ ಅವರನ್ನು ಜೊತೆಗೆ ಕರೆದುಕೊಂಡೇ ಠಾಣೆಗೆ ಹೋಗಿ. ಆರೋಪಿ ಮನೆಯೊಳಗಿನವನಾದರೆ ಮೊದಲು ಪೊಲೀಸರು, ಆಮೇಲೆ ಮನೆಯವರು. ನಾನು ಇದನ್ನು ತಲೆಕೆಳಗು ಮಾಡಿದ್ದೆ.

ಠಾಣೆಯಲ್ಲಿ

ಬಾಯಿಮಾತಿನಲ್ಲಿ ಹೇಳಿದರೂ ಅವರು ಬರೆದುಕೊಳ್ಳಬೇಕು. ಆದರೂ ಬರೆದುಕೊಂಡೇ ಹೋಗಿ, ಎರಡು ಪ್ರತಿ ಇರಲಿ. ಪುಟಗಟ್ಟಲೆ ಬೇಕಿಲ್ಲ. ‘ನಾನು ಇಂಥವಳು, ಇಂಥ ಶಾಲೆಯ ಶಿಕ್ಷಕಿ. ಇಂಥ ದಿನ ಇಷ್ಟು ಹೊತ್ತಿಗೆ ನಮ್ಮ ವಿದ್ಯಾರ್ಥಿನಿ ನನ್ನ ಬಳಿ ಹೀಗೆ ಹೇಳಿದಳು. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಅಡಿ ಈ ಮಾಹಿತಿ ನೀಡುತ್ತಿದ್ದೇನೆ. ಆರೋಪಿ ಮಗುವಿನ ಮನೆಯಲ್ಲೇ ಇರುವುದರಿಂದ ತಕ್ಷಣ ರಕ್ಷಣೆ ಬೇಕು’ ಎಂದಿದ್ದರೆ ಸಾಕು. ನೀವು ಬರೆದ ಆ ಮೊದಲ ಚೀಟಿಯನ್ನು ಇದಕ್ಕೆ ಲಗತ್ತಿಸಿ, ಜೆರಾಕ್ಸ್ ಪ್ರತಿಯನ್ನು ಮನೆಯಲ್ಲಿಡಿ.

ಯಾವ ಸೆಕ್ಷನ್ ಹಾಕಬೇಕೆಂಬುದು ಪೊಲೀಸರ ಹೊಣೆ. ಆದರೂ ತಿಳಿದಿರಲಿ. ದೇಹದೊಳಕ್ಕೆ ಪ್ರವೇಶಿಸಿದ ಕೃತ್ಯಕ್ಕೆ ಕನಿಷ್ಠ 10 ವರ್ಷ ಜೈಲು, ಮಗು 16ಕ್ಕಿಂತ ಚಿಕ್ಕದಾಗಿದ್ದರೆ ಕನಿಷ್ಠ 20 ವರ್ಷ. 2019ರ ತಿದ್ದುಪಡಿ ಶಿಕ್ಷೆಯನ್ನು ಇಷ್ಟಕ್ಕೆ ಏರಿಸಿತು. ಲೈಂಗಿಕ ಉದ್ದೇಶದ ಮುಟ್ಟುವಿಕೆಗೆ 3ರಿಂದ 5 ವರ್ಷ. ಬಟ್ಟೆಯ ಮೇಲಿಂದ ಮುಟ್ಟಿದರೂ ಅದು ಅಪರಾಧವೇ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಬಗ್ಗೆ ವಾದಕ್ಕೆ ಎಡೆಯಿಲ್ಲ. ಮಾತು, ಸನ್ನೆ, ಹಿಂಬಾಲಿಸುವುದು, ಅಶ್ಲೀಲ ಚಿತ್ರ ತೋರಿಸುವುದು ಲೈಂಗಿಕ ಕಿರುಕುಳ; ಮೂರು ವರ್ಷದವರೆಗೆ ಜೈಲು. ಇವುಗಳಲ್ಲಿ ಮೊದಲ ಎರಡನ್ನು ಮಾಡಿದವನು ಸಂಬಂಧಿ, ಶಿಕ್ಷಕ, ಪೊಲೀಸ್, ಆಸ್ಪತ್ರೆಯ ಸಿಬ್ಬಂದಿ ಆಗಿದ್ದರೆ ಅದೇ ಕೃತ್ಯ ‘ಉಗ್ರ’ ರೂಪದ್ದಾಗಿ ಶಿಕ್ಷೆ ಹೆಚ್ಚುತ್ತದೆ. ನಂಬಿದವರೇ ಕೈ ಇಟ್ಟರೆ ಕಾನೂನು ಹೆಚ್ಚು ಕಠಿಣವಾಗುತ್ತದೆ ಎಂಬುದು ನನಗೆ ಸಮಾಧಾನ ತಂದ ವಿಷಯ.

ದೂರಿಗೆ ನಮೂದು ಸಂಖ್ಯೆ ಕೊಡಬೇಕು, ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ನಿಮ್ಮ ಕೈಗೆ ಬರಬೇಕು, ಪಡೆಯದೇ ಏಳಬೇಡಿ. ಓದಿ ಹೇಳುವಾಗ ಮಗುವಿನ ಮಾತು ಬದಲಾಗಿದೆಯೇ ಎಂದು ಕಿವಿಗೊಟ್ಟು ಕೇಳಿ. ‘ನಮ್ಮ ಸರಹದ್ದಲ್ಲ’ ಎಂದರೆ, ಯಾವ ಠಾಣೆಯಾದರೂ ದೂರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು ಎಂದು ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ ಎಂದು ಶಾಂತವಾಗಿ ಹೇಳಿ. ಆದರೂ ಒಪ್ಪದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ, ಮಗುವಿನ ರಕ್ಷಣೆಯ ಬಗ್ಗೆ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಪ್ರತಿ ಹೋಗಲಿ.

ಮಗುವನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಾಗಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು. ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಮಗು ನಂಬುವವರು ಪಕ್ಕದಲ್ಲಿ ಇರಬೇಕು. ಆರೋಪಿ ಕಣ್ಣಿಗೆ ಬೀಳಬಾರದು. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಮ್ಮ ಹುಡುಗಿಯ ಹೇಳಿಕೆ ಪಡೆಯಲು ಬಂದ ಅಧಿಕಾರಿ ಹತ್ತಿ ಸೀರೆ ಉಟ್ಟು ಬಂದಿದ್ದರು. ಮೊದಲ ಅರ್ಧ ಗಂಟೆ ಒಂದೂ ಪ್ರಶ್ನೆ ಕೇಳದೆ ಅವಳ ವಿಜ್ಞಾನದ ಪಟ್ಟಿ ಪುಸ್ತಕವನ್ನು ತಿರುವಿ ಹೂವಿನ ಭಾಗಗಳ ಚಿತ್ರ ನೋಡಿದರು. ‘ಇದು ಕೇಸರ, ಇದು ಶಲಾಕೆ’ ಎಂದು ಹುಡುಗಿಯೇ ವಿವರಿಸತೊಡಗಿದಳು. ಹನ್ನೊಂದು ದಿನಗಳ ನಂತರ ಅವಳ ದನಿ ಕೇಳಿದ್ದು ನನಗೆ ಆಗಲೇ.

ಆಸ್ಪತ್ರೆ, ಮತ್ತು ಆ ರಾತ್ರಿಯ ಸೂರು

ಇತ್ತೀಚೆಗೆ ನಡೆದ ಕೃತ್ಯವಾದರೆ ಆಸ್ಪತ್ರೆಗೆ ತಡಮಾಡಬೇಡಿ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಶುರು ಮಾಡಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಸಾಧ್ಯವಾದರೆ ಪರೀಕ್ಷೆಗೆ ಮುನ್ನ ಸ್ನಾನ ಬೇಡ. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ. ಮಗು ಈಗಾಗಲೇ ಸ್ನಾನ ಮಾಡಿದ್ದರೆ ಗದರಬೇಡಿ. ಪರೀಕ್ಷೆ ಆಗಲೂ ನಡೆಯಬೇಕು. ಎಫ್‌ಐಆರ್ ಇಲ್ಲದಿದ್ದರೂ, ಪೊಲೀಸರ ಪತ್ರ ಇಲ್ಲದಿದ್ದರೂ ತುರ್ತು ಚಿಕಿತ್ಸೆ ಕೊಡಲೇಬೇಕು, ಉಚಿತವಾಗಿ, ಖಾಸಗಿ ಆಸ್ಪತ್ರೆಯಾದರೂ. ಹುಡುಗಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಮಾಹಿತಿ ಕೊಡುವಾಗ ಆಕೆಯ ಹೆಸರು, ಗುರುತು ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಗುರುತು ಹೊರಬೀಳುವ ಹೆದರಿಕೆಯಿಂದ ಹುಡುಗಿಯರು ನಕಲಿ ವೈದ್ಯರ ಕೈಗೆ ಬೀಳಬಾರದು.

ದೂರು ದಾಖಲಾದ 24 ಗಂಟೆಗಳೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಆರೋಪಿ ಒಂದೇ ಸೂರಿನಡಿ ಇರುವವನಾದರೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವನ್ನು ಆ ಮನೆಯಿಂದ ಹೊರತರಬೇಕೇ ಎಂದು ಸಮಿತಿ ಮೂರು ದಿನಗಳಲ್ಲಿ ತೀರ್ಮಾನಿಸುತ್ತದೆ. ಮಗುವಿನ ಇಚ್ಛೆಯನ್ನೂ ಕೇಳಬೇಕು. ಅಜ್ಜಿಯ ಮನೆ, ದೊಡ್ಡಮ್ಮನ ಮನೆ ಇದ್ದರೆ ಅದನ್ನು ನೀವೇ ಸಮಿತಿಯ ಗಮನಕ್ಕೆ ತನ್ನಿ. ಪ್ರಕರಣ ಮುಗಿಯುವವರೆಗೂ ಜೊತೆಗಿರಲು ‘ಬೆಂಬಲ ವ್ಯಕ್ತಿ’ಯೊಬ್ಬರನ್ನು ನೇಮಿಸುವಂತೆ ಕೇಳಿ. ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ಹಣವನ್ನೂ ಸಮಿತಿ ಶಿಫಾರಸು ಮಾಡಬಹುದು. 2020ರ ನಿಯಮಗಳಲ್ಲಿ ಇದು ಇದೆ. ಕೂಲಿ ಬಿಟ್ಟು ಓಡಾಡುವ ತಾಯಂದಿರಿಗೆ ಇದನ್ನು ಯಾರೂ ಹೇಳುವುದಿಲ್ಲ. ನೀವು ಹೇಳಿ.

ರಾಜಿ ಮಾಡಿಸಲು ಬರುವವರು

ಬಂದೇ ಬರುತ್ತಾರೆ. ಊರಿನ ಹಿರಿಯರು, ಕುಲಬಾಂಧವರು, ಕೆಲವೊಮ್ಮೆ ಶಾಲಾ ಸಮಿತಿಯವರು. ‘ನಾಲ್ಕು ಗೋಡೆಯೊಳಗೆ ಮುಗಿಸೋಣ’ ಎನ್ನುತ್ತಾರೆ, ಹಣದ ಮಾತಾಡುತ್ತಾರೆ, ಅವನಿಗೇ ಕೊಟ್ಟು ಮದುವೆ ಮಾಡುವ ಮಾತನ್ನೂ ಆಡುತ್ತಾರೆ. ಅವರಿಗೆ ಎರಡು ವಿಷಯ ಹೇಳಿ. ರಾಜಸ್ಥಾನದ ಶಿಕ್ಷಕನೊಬ್ಬನ ಪ್ರಕರಣವನ್ನು ರಾಜಿಯ ಆಧಾರದಲ್ಲಿ ರದ್ದು ಮಾಡಿದ್ದನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮತ್ತೆ, ಆ ಪಂಚಾಯಿತಿಗೆ ಕುಳಿತ ಪ್ರತಿಯೊಬ್ಬರಿಗೂ ಈಗ ವಿಷಯ ಗೊತ್ತಾಗಿದೆ. ಹಾಗಾಗಿ 19ನೇ ಸೆಕ್ಷನ್ ಅವರಿಗೂ ಅನ್ವಯಿಸುತ್ತದೆ. ಎರಡನೆಯದನ್ನು ಕೇಳಿದ ಮೇಲೆ ಎದ್ದು ಹೋದವರನ್ನು ನಾನು ಕಂಡಿದ್ದೇನೆ.

ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಪ್ರೀತಿಸಿದ ಪ್ರಕರಣ ಬಂದಾಗ ನನ್ನ ಮನಸ್ಸೂ ಅಳುಕುತ್ತದೆ. ಕಾನೂನು ಅಲ್ಲಿ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಪ್ಪಿಗೆಯ ವಯಸ್ಸನ್ನು 18ರಿಂದ ಇಳಿಸುವುದು ಬೇಡ ಎಂದು 2023ರಲ್ಲಿ ಕಾನೂನು ಆಯೋಗ ವರದಿ ಕೊಟ್ಟಿದೆ. ಹೀಗಾಗಿ ತಿಳಿಸುವ ಹೊಣೆ ಅಲ್ಲಿಯೂ ಇದೆ. ತಿಳಿಸುವಾಗ ಹುಡುಗಿ ಹೇಳಿದ್ದನ್ನು, ತಾನು ಒಪ್ಪಿದ್ದೆ ಎಂದಿದ್ದರೆ ಅದನ್ನೂ, ಒಂದು ಅಕ್ಷರ ಬಿಡದೆ ಬರೆಯಿರಿ. ನ್ಯಾಯಾಲಯ ಅದನ್ನು ತೂಗಲಿ.

ಹೊಡೆತ, ಬರೆ ಹಾಕುವುದು, ಉಪವಾಸ ಕೆಡವುವುದು ಪೋಕ್ಸೊ ಅಡಿ ಬರುವುದಿಲ್ಲ. ಅದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ: ಮಗುವಿನ ಪಾಲನೆ ಹೊತ್ತವರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. 1098 ಇದಕ್ಕೂ ಓಗೊಡುತ್ತದೆ.

ಆಮೇಲೆ

ಶಾಲೆಯಲ್ಲಿ ಮಗುವಿನ ಹೆಸರನ್ನು ಯಾರೂ ಎತ್ತದಂತೆ ನೋಡಿಕೊಳ್ಳಿ. ಹೆಸರು, ವಿಳಾಸ, ಶಾಲೆ, ಚಿತ್ರ, ಕುಟುಂಬದ ವಿವರ ಯಾವುದನ್ನೂ ಪತ್ರಿಕೆಯಲ್ಲಾಗಲಿ ಜಾಲತಾಣದಲ್ಲಾಗಲಿ ಹಾಕುವಂತಿಲ್ಲ. ಮಗು ತರಗತಿಗೆ ಮರಳಿದ ದಿನ ಎಂದಿನಂತೆ ಹಾಜರಿ ಕೂಗಿ, ವಿಶೇಷವಾಗಿ ನೋಡಬೇಡಿ. ಬಿಟ್ಟುಹೋದ ಪಾಠಗಳ ಟಿಪ್ಪಣಿಯನ್ನು ಸಿದ್ಧವಾಗಿಟ್ಟುಕೊಂಡಿದ್ದು ಕೊಡಿ.

ಸಾಕ್ಷಿ ಹೇಳಲು ನಿಮಗೆ ಸಮನ್ಸ್ ಬರುತ್ತದೆ. ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ತಡವಾಗಬಹುದು. ಅದಕ್ಕೇ ಆ ಚೀಟಿಯ ಜೆರಾಕ್ಸ್. ಹಿಂದಿನ ದಿನ ಅದನ್ನು ಎರಡು ಸಲ ಓದಿಕೊಳ್ಳಿ. ವಿಶೇಷ ಸರ್ಕಾರಿ ಅಭಿಯೋಜಕರನ್ನು ಕಂಡು ನಿಮ್ಮ ಹೇಳಿಕೆಯನ್ನು ತೋರಿಸುವಂತೆ ಕೇಳಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ. ಮಗುವಿನ ಸಾಕ್ಷ್ಯ ಮುಚ್ಚಿದ ನ್ಯಾಯಾಲಯದಲ್ಲಿ ನಡೆಯುತ್ತದೆ, ಆರೋಪಿ ಮಗುವಿಗೆ ಕಾಣದಂತೆ ಇರಿಸುತ್ತಾರೆ, ವಕೀಲರ ಪ್ರಶ್ನೆಗಳನ್ನು ನ್ಯಾಯಾಧೀಶರೇ ಕೇಳುತ್ತಾರೆ. ಇದನ್ನು ಮಗುವಿಗೆ ಮೊದಲೇ ತಿಳಿಸಿದರೆ ಅರ್ಧ ಭಯ ಇಳಿಯುತ್ತದೆ.

ನಮಗೆ, ದೊಡ್ಡವರಿಗೆ, ಆ ತೆರೆ ಇಲ್ಲ. ಆರೋಪಿಯ ಪರ ವಕೀಲರು ನನ್ನನ್ನೇ ನೇರವಾಗಿ ಕೇಳಿದರು: ‘ಹುಡುಗಿ ಹೇಳಿದ್ದು ನಿಜವೆಂದು ನೀವು ನಂಬಿದ್ದರೆ ಹನ್ನೊಂದು ದಿನ ಏಕೆ ಸುಮ್ಮನಿದ್ದಿರಿ?’

‘ಅವಳು ಹೇಳಿದ್ದನ್ನು ಮೊದಲ ದಿನವೇ ನಂಬಿದ್ದೆ. ನಾನು ಹೆದರಿದ್ದೆ’ ಎಂದೆ.

ನ್ಯಾಯಾಧೀಶರು ಬೆರಳಚ್ಚುಗಾರ್ತಿಯ ಕಡೆ ತಿರುಗಿ ಆ ಎರಡೂ ವಾಕ್ಯಗಳನ್ನು ನಾನು ಹೇಳಿದಂತೆಯೇ ಬರೆಸಿದರು.